ಅಂಗಡಿ ಖಾಲಿಯಾದ ವರ್ಷಕ್ಕೆ: ಹಾಸನ, ಚಿಕ್ಕಮಗಳೂರಿನ ಮನೆಗಳಿಗೆ ಪರ್ಯಾಯ ಆಹಾರದ ಸಮಗ್ರ ಮಾರ್ಗದರ್ಶಿ

ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆಯ ಯಾವ ಮನೆಯ ಅಡುಗೆಮನೆಗೆ ಹೋದರೂ ಡಬ್ಬಿಗಳಲ್ಲಿರುವುದು ಬಹುಪಾಲು ಹೊರಗಿನಿಂದ ಬಂದ ಸಾಮಾನು. ತೊಗರಿಬೇಳೆ ಕಲಬುರಗಿಯದ್ದು, ಇಲ್ಲವೇ ಮ್ಯಾನ್ಮಾರ್ ಅಥವಾ ಮೊಜಾಂಬಿಕ್‌ನಿಂದ ಹಡಗಿನಲ್ಲಿ ಬಂದದ್ದು. ಪಾಮೆಣ್ಣೆ ಇಂಡೋನೇಷ್ಯಾದ್ದೋ ಮಲೇಷ್ಯಾದ್ದೋ. ತೋಟಕ್ಕೆ ಹಾಕುವ ಪೊಟ್ಯಾಶ್ ಹೆಚ್ಚುಕಡಿಮೆ ಪೂರ್ತಿ ವಿದೇಶದ್ದು. ಹಾಸನದ ಹೆಸರಾಂತ ಆಲೂಗಡ್ಡೆಗೂ ಬಿತ್ತನೆ ಗಡ್ಡೆ ಪ್ರತಿ ವರ್ಷ ಪಂಜಾಬಿನ ಜಲಂಧರ್ ಕಡೆಯಿಂದ ಲಾರಿಯಲ್ಲಿ ಬರಬೇಕು. ನಾವು ಬೆಳೆಯುವ ಕಾಫಿ, ಮೆಣಸು, ಅಡಿಕೆ, ಏಲಕ್ಕಿಯಿಂದ ಹೊಟ್ಟೆ ತುಂಬುವುದಿಲ್ಲ.

ಇದು ಸಾಮಾನ್ಯ ವರ್ಷಗಳಲ್ಲಿ ಸಮಸ್ಯೆಯಲ್ಲ. ಆದರೆ ಇಡೀ ಜಗತ್ತಿನ ಬೆಳೆ ಒಟ್ಟಿಗೆ ಕೈಕೊಡುವ ವರ್ಷವೂ ಬರಬಹುದು, ಹಿಂದೆ ಬಂದಿದೆ. 1815ರ ಏಪ್ರಿಲ್‌ನಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು, ಆಕಾಶಕ್ಕೇರಿದ ಗಂಧಕದ ಮಂಜು ಸೂರ್ಯನ ಬಿಸಿಲನ್ನು ತಡೆಯಿತು. 1816ರಲ್ಲಿ ಯುರೋಪು ಮತ್ತು ಅಮೆರಿಕದ ಈಶಾನ್ಯ ಭಾಗದಲ್ಲಿ ಬೇಸಿಗೆಯೇ ಬರಲಿಲ್ಲ, ಚೀನಾದ ಯುನ್ನಾನ್‌ನಲ್ಲಿ ಭತ್ತ ಜೊಳ್ಳಾಗಿ ಕ್ಷಾಮ ಬಂತು, ಭಾರತದ ಮುಂಗಾರು ಅಡ್ಡಾದಿಡ್ಡಿಯಾಯಿತು. ನಮ್ಮದೇ ಹಳೇ ಮೈಸೂರು ಸೀಮೆಯಲ್ಲಿ 1876–78ರ ಧಾತು–ಈಶ್ವರ ಸಂವತ್ಸರಗಳ ಬರಕ್ಕೆ ಸುಮಾರು ಐವತ್ತು ಲಕ್ಷ ಜನರಲ್ಲಿ ಹತ್ತು ಲಕ್ಷದಷ್ಟು ಮಂದಿ ತೀರಿಕೊಂಡರು. 2022ರಲ್ಲಿ ನೇಚರ್ ಫುಡ್ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು, ಅಮೆರಿಕ ಮತ್ತು ರಷ್ಯಾ ನಡುವೆ ಪೂರ್ಣ ಅಣುಯುದ್ಧವಾದರೆ ಹೊಗೆಯಿಂದ ಬಿಸಿಲು ಮಂಕಾಗಿ 500 ಕೋಟಿಗೂ ಹೆಚ್ಚು ಜನ ಹಸಿವಿನಿಂದ ಸಾಯಬಹುದೆಂದು ಲೆಕ್ಕ ಹಾಕಿದೆ. ಅಷ್ಟು ದೊಡ್ಡದೇ ಆಗಬೇಕಿಲ್ಲ. ಅದೇ 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಎರಡೇ ತಿಂಗಳಿಗೆ ಇಂಡೋನೇಷ್ಯಾ ಪಾಮೆಣ್ಣೆ ರಫ್ತು ನಿಲ್ಲಿಸಿತು, ಮೇ ತಿಂಗಳಲ್ಲಿ ಭಾರತ ಗೋಧಿ ರಫ್ತು ನಿಲ್ಲಿಸಿತು. ಕಷ್ಟ ಬಂದಾಗ ಪ್ರತಿ ದೇಶವೂ ಮೊದಲು ತನ್ನ ಬಾಗಿಲು ಹಾಕಿಕೊಳ್ಳುತ್ತದೆ.

ಹೀಗೆ ಬಿಸಿಲು ಮಂಕಾದರೂ ಉಳಿಯುವ ಆಹಾರ ಯಾವುದು ಎಂದು ಡೇವಿಡ್ ಡೆಂಕನ್‌ಬರ್ಗರ್, ಜೋಶುವಾ ಪಿಯರ್ಸ್ ಮುಂತಾದ ಸಂಶೋಧಕರು ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಕೆಲಸ ಮಾಡುತ್ತಿದ್ದಾರೆ. ಕಡಲಪಾಚಿ, ಮರದ ತಿರುಳಿನಿಂದ ಸಕ್ಕರೆ, ನೈಸರ್ಗಿಕ ಅನಿಲ ತಿಂದು ಬೆಳೆಯುವ ಬ್ಯಾಕ್ಟೀರಿಯಾದ ಪ್ರೋಟೀನು, ಎಲೆಯ ಪ್ರೋಟೀನು, ಅಣಬೆ, ಚಳಿ ತಡೆಯುವ ಬೆಳೆಗಳು ಅವರ ಪಟ್ಟಿಯಲ್ಲಿವೆ. ಇವುಗಳಲ್ಲಿ ಮೊದಲ ಮೂರು ಸರ್ಕಾರ ಮತ್ತು ಕಾರ್ಖಾನೆಗಳ ಕೆಲಸ. ಮರದಿಂದ ಸಕ್ಕರೆ ತೆಗೆಯಲು ಆಮ್ಲವೋ ಕಿಣ್ವವೋ ಬೇಕು. ಮನೆಯಲ್ಲಿ ಅದಕ್ಕೆ ಕೈಹಾಕಬೇಡಿ. ಉಳಿದದ್ದು ನಮ್ಮ ಕೈಗೆಟಕುತ್ತದೆ.

ನನ್ನ ಮುಖ್ಯ ಮಾತು ಇಷ್ಟು. ಕೂಡಿಟ್ಟ ಕಾಳು ನಿಮ್ಮನ್ನು ಮೊದಲ ಬೆಳೆಯವರೆಗೆ ಮಾತ್ರ ದಾಟಿಸುತ್ತದೆ. ಆಮೇಲಿನ ವರ್ಷಗಳಲ್ಲಿ ಬದುಕಿಸುವುದು ಸ್ವಂತ ಬೀಜ, ಕೈಗೆ ಅಭ್ಯಾಸವಾಗಿರುವ ಕೆಲಸ ಮತ್ತು ಮಲೆನಾಡಿಗೂ ಬಯಲಿಗೂ ನಡುವಿನ ಕೊಡುಕೊಳ್ಳುವಿಕೆ. ಮೂರನ್ನೂ ಒಳ್ಳೆಯ ದಿನಗಳಲ್ಲೇ ಕಟ್ಟಿಕೊಳ್ಳಬೇಕು.

ಹೆಜ್ಜೆ 1: ಮನೆಯ ಲೆಕ್ಕ

ದೊಡ್ಡವರೊಬ್ಬರಿಗೆ ದಿನಕ್ಕೆ ಸುಮಾರು 2,100 ಕ್ಯಾಲೊರಿ ಬೇಕು. ಗದ್ದೆ ಕೆಲಸ ಮಾಡುವವರಿಗೆ ಇನ್ನೂ ಹೆಚ್ಚು, ಪುಟ್ಟ ಮಕ್ಕಳಿಗೆ ಕಡಿಮೆ. ನಮ್ಮ ಊಟದ ಕ್ರಮದಲ್ಲೇ ಲೆಕ್ಕ ಹಾಕಿದರೆ, ಒಬ್ಬರಿಗೆ ದಿನಕ್ಕೆ ರಾಗಿ ಮತ್ತು ಅಕ್ಕಿ ಸೇರಿ 400 ಗ್ರಾಂ, ಹುರಳಿ, ಅವರೆ, ಅಲಸಂದೆಯಂಥ ಕಾಳು 80 ಗ್ರಾಂ, ಎಣ್ಣೆ 30 ಗ್ರಾಂ, ಬೆಲ್ಲ 30 ಗ್ರಾಂ. ಇದಕ್ಕೆ ಸುಮಾರು 1,900 ಕ್ಯಾಲೊರಿಗೂ ಸ್ವಲ್ಪ ಹೆಚ್ಚು ಬರುತ್ತದೆ. ಉಳಿದದ್ದನ್ನು ಗೆಡ್ಡೆ, ಸೊಪ್ಪು, ಕಾಯಿ ತುಂಬಬೇಕು.

ಐದು ಜನರ ಮನೆಗೆ ಒಂದು ವರ್ಷಕ್ಕೆ ಇದು ಧಾನ್ಯ 7 ಕ್ವಿಂಟಲ್ ಮೇಲೆ, ಕಾಳು ಒಂದೂವರೆ ಕ್ವಿಂಟಲ್ ಹತ್ತಿರ, ಎಣ್ಣೆ ಮತ್ತು ಬೆಲ್ಲ ತಲಾ 55 ಕಿಲೋ, ಉಪ್ಪು 18 ಕಿಲೋ ಆಗುತ್ತದೆ. ಕೇಳಲು ದೊಡ್ಡದು, ಆದರೆ ಒಂದೇ ಸಲ ಕೊಳ್ಳಬೇಕಾಗಿಲ್ಲ. ಮೊದಲ ವರ್ಷ ಮೂರು ತಿಂಗಳಿಗಾಗುವಷ್ಟು, ಎರಡನೆಯ ವರ್ಷ ಆರು ತಿಂಗಳಿಗೆ, ಹೀಗೆ ಏರಿಸಿಕೊಂಡು ಹೋಗಿ. ಮಳೆಯಾಶ್ರಯದ ರಾಗಿ ಒಳ್ಳೆಯ ವರ್ಷ ಎಕರೆಗೆ 8ರಿಂದ 10 ಕ್ವಿಂಟಲ್ ಬರುತ್ತದೆ. ಅಂದರೆ ಒಂದು ಮನೆಯ ವರ್ಷದ ಧಾನ್ಯ ಒಂದು ಎಕರೆಯಲ್ಲಿದೆ. ಕೆಟ್ಟ ವರ್ಷಕ್ಕೆ ಅದನ್ನು ಎರಡು ಎಕರೆ ಎಂದುಕೊಳ್ಳಿ.

ಖರೀದಿಸುವವರು ಸುಗ್ಗಿಯಲ್ಲಿ ಕೊಳ್ಳಿ. ರಾಗಿ ಒಕ್ಕಣೆಯಾಗಿ ಅರಸೀಕೆರೆ, ಚನ್ನರಾಯಪಟ್ಟಣ, ಕಡೂರಿನ ಕಡೆ ಬೆಲೆ ಇಳಿದಿರುವಾಗ ರೈತರಿಂದಲೇ ನೇರ ಕೊಂಡರೆ ಇಬ್ಬರಿಗೂ ಒಳ್ಳೆಯದು. ಸುದ್ದಿವಾಹಿನಿಯಲ್ಲಿ ಗಾಬರಿ ಶುರುವಾದ ಮೇಲೆ ಅಂಗಡಿಗೆ ನುಗ್ಗಿ ಮೂಟೆ ಹೊರುವುದು ತಯಾರಿಯಲ್ಲ. ಅದು ಕೂಲಿಯಿಂದ ದಿನದ ಅಕ್ಕಿ ಕೊಳ್ಳುವವರ ತಟ್ಟೆಯಿಂದ ಕಿತ್ತುಕೊಂಡಂತೆ.

ಹೆಜ್ಜೆ 2: ಒಣಗಿಸಿ ತುಂಬಿಡುವುದು

ಇಲ್ಲಿ ಆತುರ ಮಾಡಿದರೆ ಉಳಿದ ಎಲ್ಲ ಶ್ರಮವೂ ಹಾಳು. ಅದರಲ್ಲೂ ಮಲೆನಾಡಿನ ಮನೆಗಳಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ಕಡೆ ಕಾಳು ಉಳಿಯಬೇಕಾದರೆ ತುಂಬುವ ದಿನ ಅದರ ತೇವಾಂಶ ಶೇ 12ಕ್ಕಿಂತ ಕೆಳಗಿರಬೇಕು.

ಮೀಟರ್ ಇಲ್ಲದೆ ಪರೀಕ್ಷಿಸುವ ದಾರಿ ಇದೆ. ಒಣಗಿದ ಗಾಜಿನ ಬಾಟಲಿಗೆ ಒಂದು ಹಿಡಿ ಕಾಳು, ಬಾಣಲೆಯಲ್ಲಿ ಹುರಿದು ಆರಿಸಿದ ಎರಡು ಚಮಚ ಉಪ್ಪು ಹಾಕಿ, ಮುಚ್ಚಿ, ಚೆನ್ನಾಗಿ ಅಲ್ಲಾಡಿಸಿ ಕಾಲು ಗಂಟೆ ಬಿಡಿ. ಉಪ್ಪು ಗಾಜಿಗೆ ಅಂಟಿಕೊಂಡರೆ ತೇವಾಂಶ ಶೇ 15ರ ಮೇಲಿದೆ, ಇನ್ನೂ ಬಿಸಿಲು ಬೇಕು. ಅಂಟದಿದ್ದರೂ ಮತ್ತೊಂದು ದಿನ ಒಣಗಿಸಿ. 15ಕ್ಕೂ 12ಕ್ಕೂ ನಡುವಿನ ಅಂತರವನ್ನು ಉಪ್ಪು ಹೇಳುವುದಿಲ್ಲ. ಹಲ್ಲಿನಲ್ಲಿ ಕಡಿದಾಗ ಕಾಳು ಟಕ್ ಎಂದು ಒಡೆಯಬೇಕು, ಜಜ್ಜಿ ಹೋಗಬಾರದು. ಒಣಗಿದ್ದನ್ನು ಬಿಸಿ ಇರುವಾಗಲೇ ತುಂಬಬೇಡಿ. ನೆರಳಲ್ಲಿ ಆರಿಸಿ, ಸಂಜೆಯ ಇಬ್ಬನಿ ಬೀಳುವ ಮೊದಲು ತುಂಬಿ.

ಪಾತ್ರೆಯ ವಿಷಯ. ಇಲಿ ಹೋಗದ, ಗಾಳಿಯಾಡದ ಪಾತ್ರೆ ಬೇಕು. ಮುಚ್ಚಳ ಬಿಗಿಯಾಗುವ ತಗಡಿನ ಡ್ರಮ್ಮು ಒಳ್ಳೆಯದು. ಒಳಗೆ ಮೂರು ಪದರದ ಗಾಳಿಯಾಡದ ಚೀಲ ಹಾಕಿದರೆ ಇನ್ನೂ ಒಳ್ಳೆಯದು. ಅಂಚಿನವರೆಗೆ ತುಂಬಿ. ಮೇಲೆ ಖಾಲಿ ಜಾಗ ಕಡಿಮೆಯಾದಷ್ಟೂ ಒಳಗೆ ಸಿಕ್ಕಿಕೊಂಡ ಹುಳ ಇರುವ ಅಲ್ಪ ಆಮ್ಲಜನಕ ಮುಗಿಸಿ ತಾನೇ ಸಾಯುತ್ತದೆ. ಡ್ರಮ್ಮನ್ನು ನೆಲಕ್ಕೆ ತಾಗಿಸದೆ ಹಲಗೆಯ ಮೇಲೆ, ಗೋಡೆಯಿಂದ ಒಂದು ಮೊಳ ದೂರ ಇಡಿ. ತುಂಬಿದ ತಿಂಗಳು ಮತ್ತು ವರ್ಷವನ್ನು ಬಣ್ಣದಲ್ಲಿ ಬರೆಯಿರಿ. ಹಳೆಯದನ್ನು ಮೊದಲು ತಿಂದು, ಹೊಸದನ್ನು ಹಿಂದಕ್ಕೆ ಸೇರಿಸುವುದು ಮನೆಯ ಕಾಯಂ ಪದ್ಧತಿಯಾಗಬೇಕು.

ಧಾನ್ಯಗಳಲ್ಲಿ ರಾಗಿಗೆ ಸಾಟಿಯಿಲ್ಲ. ಕಾಳು ಸಣ್ಣದು, ಸಿಪ್ಪೆ ಗಟ್ಟಿ, ಹುಳ ಸುಲಭವಾಗಿ ಹಿಡಿಯುವುದಿಲ್ಲ. ನಮ್ಮ ಹಿರಿಯರು ಇದನ್ನು ಹಗೇವಿನಲ್ಲಿ, ಅಂದರೆ ಗಟ್ಟಿ ನೆಲದಲ್ಲಿ ಬಾಯಿ ಕಿರಿದಾಗಿ ಹೊಟ್ಟೆ ಅಗಲವಾಗಿ ತೋಡಿ ಹುಲ್ಲು ಹಾಸಿದ ಗುಂಡಿಯಲ್ಲಿ, ಹತ್ತಾರು ವರ್ಷ ಇಟ್ಟು ಬರಗಾಲಕ್ಕೆ ತೆಗೆಯುತ್ತಿದ್ದರು. ಬಯಲು ಸೀಮೆಯ ಹಳೆಯ ಊರುಗಳಲ್ಲಿ ಇವತ್ತಿಗೂ ಮುಚ್ಚಿಹೋದ ಹಗೇವುಗಳಿವೆ. ಮತ್ತೆ ಬಳಸುವವರು ಒಂದು ವಿಷಯ ಮರೆಯಬಾರದು: ಮುಚ್ಚಿದ ಹಗೇವಿನಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ, ಇಳಿದವರು ಕ್ಷಣದಲ್ಲಿ ಪ್ರಜ್ಞೆ ತಪ್ಪಿ ಸಾಯುತ್ತಾರೆ. ಬಾಯಿ ತೆರೆದು ದಿನಪೂರ್ತಿ ಬಿಟ್ಟು, ದೀಪ ಇಳಿಸಿ, ಅದು ಆರದೆ ಉರಿದರೆ ಮಾತ್ರ, ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೆ ಇಬ್ಬರು ನಿಂತಿರುವಾಗ ಇಳಿಯಬೇಕು. ನೆಲದಲ್ಲಿ ಒಸರು ಬರುವ ಮಲೆನಾಡಿಗೆ ಹಗೇವು ಆಗದು; ಅಲ್ಲಿ ಒಲೆಯ ಹೊಗೆ ತಾಗುವ ಅಟ್ಟವೇ ಸರಿ.

ಅಕ್ಕಿಗಿಂತ ಭತ್ತ ಇಡಿ. ಹೊಟ್ಟು ಅದನ್ನು ಕಾಪಾಡುತ್ತದೆ, ಬೇಕಾದರೆ ಬೀಜವೂ ಆಗುತ್ತದೆ. ಆದರೆ ಕರೆಂಟಿಲ್ಲದೆ ಭತ್ತ ಅಕ್ಕಿಯಾಗಬೇಕಾದರೆ ಒನಕೆ, ಒರಳು, ಕೇರಲು ಮೊರ ಇರಬೇಕು. ರಾಗಿಗೆ ಬೀಸುವ ಕಲ್ಲು. ಇವನ್ನು ಅಂಗಳದ ಅಲಂಕಾರಕ್ಕೆ ಇಟ್ಟಿರುವವರು ಒಳಗೆ ತಂದು, ಕಲ್ಲಿಗೆ ಮುಳ್ಳು ಹೊಡೆಸಿ ಇಟ್ಟುಕೊಳ್ಳಿ.

ಕಾಳುಗಳನ್ನು ಹುಳ ಬೇಗ ಕೊರೆಯುತ್ತದೆ. ತಿನ್ನುವ ಕಾಳಿಗೆ ಕಿಲೋಗೆ ಒಂದು ಚಮಚದಷ್ಟು ಹರಳೆಣ್ಣೆ ಸವರಿ ಇಡಬಹುದು. ಬಿತ್ತನೆಯದಕ್ಕೆ ಜರಡಿ ಹಿಡಿದ ಒಲೆಬೂದಿ ಬೆರೆಸಿ, ಇಲ್ಲವೇ ಕೆಮ್ಮಣ್ಣು ಕಟ್ಟಿ ಒಣಗಿಸಿ. ಲಕ್ಕಿ ಸೊಪ್ಪು, ಬೇವಿನ ಸೊಪ್ಪು ಸಹಾಯಕ್ಕೆ ಬರುತ್ತವೆ, ಆದರೆ ಪೂರ್ತಿ ಒಣಗಿದ ಸೊಪ್ಪಾಗಿರಬೇಕು. ಹಸಿ ಸೊಪ್ಪು ಹಾಕಿದರೆ ನೀವೇ ತೇವ ತುಂಬಿದಂತಾಗುತ್ತದೆ.

ಎಣ್ಣೆ ವರ್ಷಗಟ್ಟಲೆ ನಿಲ್ಲದು, ಕಮಟು ಹಿಡಿಯುತ್ತದೆ. ಆರು ತಿಂಗಳಿಗಾಗುವಷ್ಟು ಮಾತ್ರ ಎಣ್ಣೆಯಾಗಿಟ್ಟು, ಉಳಿದದ್ದನ್ನು ಹುಚ್ಚೆಳ್ಳು, ಎಳ್ಳು, ಸಿಪ್ಪೆ ಸಹಿತ ಕಡಲೆಕಾಯಿಯಾಗಿ ಇಡಿ. ಕಡಲೆಕಾಯಿಯಲ್ಲಿ ಬೂಷ್ಟು ಕಂಡರೆ ಆರಿಸಿ ತಿನ್ನುವ ಪ್ರಯತ್ನ ಬೇಡ. ಅದರಲ್ಲಿರುವ ಅಫ್ಲಟಾಕ್ಸಿನ್ ಪಿತ್ತಜನಕಾಂಗಕ್ಕೆ ವಿಷ, ಹುರಿದರೂ ಬೇಯಿಸಿದರೂ ಪೂರ್ತಿ ಹೋಗದು. ಅರಸೀಕೆರೆ ಕಡೆಯವರಿಗೆ ಇನ್ನೊಂದು ಅನುಕೂಲ ಇದೆ: ಉಂಡೆ ಕೊಬ್ಬರಿ. ಬಲಿತ ಕಾಯಿಯನ್ನು ಅಟ್ಟದ ಮೇಲೆ ಎಂಟು ಹತ್ತು ತಿಂಗಳು ಬಿಟ್ಟರೆ ಒಳಗೆ ತಾನೇ ಒಣಗಿ ಕೊಬ್ಬರಿಯಾಗುತ್ತದೆ. ನೂರು ಗ್ರಾಂಗೆ 650 ಕ್ಯಾಲೊರಿಯ ಮೇಲಿದೆ. ಕರಟದೊಳಗೇ ಇರುವ ಈ ಕೊಬ್ಬಿಗೆ ಬೇರೆ ಡಬ್ಬಿ ಬೇಡ.

ಉಪ್ಪನ್ನು ಕಡೆಗಣಿಸಬೇಡಿ. ಸಮುದ್ರ ಘಟ್ಟದ ಕೆಳಗಿದೆ, ಲಾರಿ ನಿಂತರೆ ಉಪ್ಪೂ ನಿಲ್ಲುತ್ತದೆ. ಚಿಕ್ಕಮಗಳೂರು ಗಳಗಂಡ ರೋಗ ಕಂಡಿರುವ ಜಿಲ್ಲೆ, ಆದ್ದರಿಂದ ಅಯೋಡಿನ್ ಇರುವ ಉಪ್ಪನ್ನೇ ಗಾಳಿಯಾಡದಂತೆ ಮುಚ್ಚಿಡಿ. ಉಪ್ಪಿನಕಾಯಿ, ಹಲಸಿನ ಉಪ್ಪು ತೊಳೆಗೆ ಬೇರೆ ಕಲ್ಲುಪ್ಪು ಇರಲಿ.

ಹೆಜ್ಜೆ 3: ಬೀಜ ನಿಮ್ಮ ಮನೆಯಲ್ಲಿರಬೇಕು

ರಾಗಿ, ಭತ್ತ, ಹುರಳಿ, ಅಲಸಂದೆ ತಮ್ಮಲ್ಲೇ ಪರಾಗಸ್ಪರ್ಶವಾಗುವ ಬೆಳೆಗಳು, ಹಾಗಾಗಿ ನೀವು ತೆಗೆದಿಟ್ಟ ಬೀಜ ಮುಂದಿನ ವರ್ಷವೂ ಅದೇ ಗುಣ ಕೊಡುತ್ತದೆ. ಹೈಬ್ರಿಡ್ ಮೆಕ್ಕೆಜೋಳ ಹಾಗಲ್ಲ. ಅದರ ಕಾಳನ್ನು ಬಿತ್ತಿದರೆ ಇಳುವರಿ ಕುಸಿಯುತ್ತದೆ. ಕಡೂರು, ಅರಕಲಗೂಡಿನ ಕಡೆ ಹೊಲವೆಲ್ಲ ಜೋಳವಾಗಿರುವುದು ಈ ಕಾರಣಕ್ಕೆ ನನಗೆ ಆತಂಕ ತರುತ್ತದೆ.

ಕೊಯ್ಲಿಗೆ ಮೊದಲೇ ಹೊಲದಲ್ಲಿ ನಡೆದು ತುಂಬು ತೆನೆಗಳಿಗೆ ದಾರ ಕಟ್ಟಿ. ಅವನ್ನು ಬೇರೆ ಕೊಯ್ದು, ಬೇರೆ ಬಡಿದು, ಬೇರೆ ಒಣಗಿಸಿ. ಎರಡು ವರ್ಷದ ಬಿತ್ತನೆಗಾಗುವಷ್ಟು ಬೀಜ ಇರಲಿ. ಒಂದು ಪಾಲು ನಿಮ್ಮಲ್ಲಿ, ಒಂದು ಪಾಲು ನೆಂಟರ ಮನೆಯಲ್ಲಿ. ಬಿತ್ತುವ ಮುಂಚೆ ನೂರು ಕಾಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ವಾರದಲ್ಲಿ ಎಷ್ಟು ಮೊಳೆತವು ಎಣಿಸಿ. ಎಂಬತ್ತಕ್ಕಿಂತ ಕಡಿಮೆಯಾದರೆ ಬೀಜದ ಪ್ರಮಾಣ ಹೆಚ್ಚಿಸಿ.

ಬೆಳೆಯ ಆಯ್ಕೆಗೆ ಬಂದರೆ, ಬಿಸಿಲು ಮಂಕಾದ ವರ್ಷದಲ್ಲಿ ನಮ್ಮ ಕಡೆ ಹಿಮ ಸುರಿದು ಎಲ್ಲ ನಾಶವಾಗುತ್ತದೆಂದು ಭಾವಿಸಬೇಕಿಲ್ಲ. ಸಮಭಾಜಕಕ್ಕೆ ಹತ್ತಿರವಿರುವ ನಾಡುಗಳಲ್ಲಿ ತಂಪಾಗುವುದು ಕಡಿಮೆ. ನಮಗೆ ದೊಡ್ಡ ಹೊಡೆತ ಮಳೆಯದು. ನೆಲ ಸಮುದ್ರಕ್ಕಿಂತ ಬೇಗ ತಣ್ಣಗಾಗುವುದರಿಂದ ಮುಂಗಾರು ಸೊರಗುತ್ತದೆ. ಆದ್ದರಿಂದ ಕಡಿಮೆ ನೀರಿನ, ಬೇಗ ಬರುವ ಬೆಳೆಗಳ ಬೀಜ ಮುಖ್ಯ: ಮೂರು ತಿಂಗಳಿಗೆ ಬರುವ ಸಾಮೆ, ನವಣೆ, ಹಿಂಗಾರಿನ ಹುರಳಿ, ಅಲ್ಪಾವಧಿ ರಾಗಿ. ಭತ್ತಕ್ಕೆ ಹೊಡೆ ಕಟ್ಟುವಾಗ, ಅಂದರೆ ಕಾಂಡದೊಳಗೆ ತೆನೆ ಮೂಡುವಾಗ, ರಾತ್ರಿಯ ಉಷ್ಣತೆ 15 ಡಿಗ್ರಿಗಿಂತ ಇಳಿದರೆ ತೆನೆ ಜೊಳ್ಳಾಗುತ್ತದೆ. ಅಂಥ ವರ್ಷ ಮಲೆನಾಡಿನ ಎತ್ತರದ ಗದ್ದೆಗಳಲ್ಲಿ ಬೇಗ ನಾಟಿ ಮಾಡಿ, ಅಲ್ಪಾವಧಿ ತಳಿ ಹಾಕಿ, ಚಳಿಗೆ ಮುಂಚೆ ಹೊಡೆ ಬರುವಂತೆ ನೋಡಿಕೊಳ್ಳಬೇಕು.

ಮಲೆನಾಡಿನ ಗದ್ದೆಗಳ ಬಗ್ಗೆ ಇನ್ನೊಂದು ಮಾತು. ಕೂಲಿ ಸಿಗದೆ, ಕಾಡುಹಂದಿ ಮತ್ತು ಆನೆಯ ಕಾಟಕ್ಕೆ ಬೇಸತ್ತು ಎಷ್ಟೋ ಗದ್ದೆಗಳು ಬೀಳು ಬಿದ್ದಿವೆ, ಎಷ್ಟೋ ಅಡಿಕೆ ತೋಟವಾಗಿವೆ. ಗದ್ದೆ ಬಿಟ್ಟವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೂ ಕೇಳಿಕೊಳ್ಳುತ್ತೇನೆ: ಮನೆಗೆ ಹತ್ತಿರದ ಒಂದು ಗದ್ದೆಯನ್ನಾದರೂ ಗದ್ದೆಯಾಗಿಯೇ ಉಳಿಸಿ. ಬದು, ಕಾಲುವೆ, ಕೆಸರು ಒಮ್ಮೆ ಹೋದರೆ ಹಸಿವಿನ ವರ್ಷದಲ್ಲಿ ಹೊಸದಾಗಿ ಕಟ್ಟಲು ಶಕ್ತಿಯಿರುವುದಿಲ್ಲ.

ಆಲೂಗಡ್ಡೆ ತಂಪನ್ನು ಇಷ್ಟಪಡುತ್ತದೆ; 15ರಿಂದ 20 ಡಿಗ್ರಿಯಲ್ಲಿ ಗಡ್ಡೆ ಚೆನ್ನಾಗಿ ಕಟ್ಟುತ್ತದೆ. ಹಾಗಾಗಿ ಜಗತ್ತು ತಂಪಾದರೆ ಹಾಸನದ ಹೊಲಕ್ಕೆ ಇದೇ ದೊಡ್ಡ ಆಸರೆ. ತೊಡಕು ಎರಡು. ಮೊದಲನೆಯದು ಬೀಜ: ಎಕರೆಗೆ 6ರಿಂದ 8 ಕ್ವಿಂಟಲ್ ಬಿತ್ತನೆ ಗಡ್ಡೆ ಬೇಕು, ಅದು ಪಂಜಾಬಿನಿಂದ ಬರುವುದು ನಿಂತರೆ? ಗಡ್ಡೆಯ ಬದಲು ಬೇರು ಬಿಟ್ಟ ಕುಡಿಗಳನ್ನು ಸಸಿಯಾಗಿ ನೆಟ್ಟು ಇಲ್ಲೇ ಬಿತ್ತನೆ ಮಾಡಿಕೊಳ್ಳುವ ಪದ್ಧತಿ ಹಾಸನ ಜಿಲ್ಲೆಗೆ ಬಂದಿದೆ. ತೋಟಗಾರಿಕೆ ಇಲಾಖೆಯಲ್ಲಿ ವಿಚಾರಿಸಿ ಒಂದೆರಡು ಸಾಲಾದರೂ ಮಾಡಿ ಕಲಿಯಿರಿ. ಬಿತ್ತನೆಗೆ ಇಡುವ ಗಡ್ಡೆಯನ್ನು ಕತ್ತಲಲ್ಲಿ ರಾಶಿ ಹಾಕದೆ, ನೇರ ಬಿಸಿಲು ಬೀಳದ ಬೆಳಕಿನಲ್ಲಿ ತಟ್ಟೆಗಳ ಮೇಲೆ ಒಂದೇ ಪದರ ಹರಡಿದರೆ ಮೊಳಕೆ ಗಿಡ್ಡವಾಗಿ ಗಟ್ಟಿಯಾಗಿ ಬರುತ್ತದೆ. ಹಸಿರಾದ ಆ ಗಡ್ಡೆಗಳನ್ನು ತಿನ್ನಬಾರದು. ಎರಡನೆಯ ತೊಡಕು ಎಲೆ, ಗಡ್ಡೆಗಳನ್ನು ಕೊಳೆಸುವ ಅಂಗಮಾರಿ ರೋಗ. ತಂಪು ಮತ್ತು ಮೋಡ ಅದಕ್ಕೆ ಹಬ್ಬ. 1845ರಿಂದ ಐರ್ಲೆಂಡಿನಲ್ಲಿ ಹತ್ತು ಲಕ್ಷ ಜನರನ್ನು ಬಲಿ ತೆಗೆದುಕೊಂಡದ್ದು ಇದೇ ರೋಗ, ಒಂದೇ ಬೆಳೆಯನ್ನು ನಂಬಿದ್ದರಿಂದ. ಆಲೂಗಡ್ಡೆಯ ಪಕ್ಕದಲ್ಲಿ ಗೆಣಸೂ ಇರಲಿ, ರಾಗಿಯೂ ಇರಲಿ.

ಹೆಜ್ಜೆ 4: ಬೇಲಿಯಂಚಿನ, ತೋಟದೊಳಗಿನ ಆಹಾರ

ಮಲೆನಾಡಿನವರ ನಿಜವಾದ ಸಂಪತ್ತು ಇದು. ಕಾಳಿನ ಕೊರತೆಯನ್ನು ಮರ ಮತ್ತು ಗೆಡ್ಡೆ ಬಹುಪಾಲು ತುಂಬಬಲ್ಲವು, ಆದರೆ ನೆಟ್ಟು ಬೆಳೆಸಿರಬೇಕು.

ಮೊದಲು ಹಲಸು. ಕಾಫಿ ತೋಟದಲ್ಲಿ ನೆರಳಿಗೆಂದು ಇರುವ ಮರಗಳಿಂದ ಪ್ರತಿ ವರ್ಷ ಉದುರಿ ಕೊಳೆಯುವ ಕಾಯಿಗಳನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಬಲಿತ, ಹಣ್ಣಾಗದ ಕಾಯಿಯ ತೊಳೆ ಬಿಡಿಸಿ, ಕುದಿಯುವ ನೀರಿನಲ್ಲಿ ಎರಡು ಮೂರು ನಿಮಿಷ ಹಾಕಿ ತೆಗೆದು ಗರಿಗರಿಯಾಗುವವರೆಗೆ ಒಣಗಿಸಿದರೆ ವರ್ಷವಿಡೀ ಇರುತ್ತದೆ. ನೆನೆಸಿದರೆ ಪಲ್ಯ, ಪುಡಿ ಮಾಡಿದರೆ ರೊಟ್ಟಿ. ಮೋಡದ ದಿನ ಅಡಿಕೆ ಒಣಗಿಸುವ ಡ್ರೈಯರ್ ಬಳಸಿ. ಒಣಗಿಸಲಾಗದಿದ್ದರೆ ಭರಣಿಯಲ್ಲಿ ಕಲ್ಲುಪ್ಪು ಹಾಕಿ ಉಪ್ಪು ತೊಳೆ ಮಾಡಿ. ಬೀಜವನ್ನು ಕೆಮ್ಮಣ್ಣಿನಲ್ಲಿ ಹೊರಳಿಸಿ ಒಣಗಿಸಿಟ್ಟರೆ ಮಳೆಗಾಲ ಪೂರ್ತಿ ಉಳಿಯುತ್ತದೆ. ಸಖರಾಯಪಟ್ಟಣದ ಕಡೆಯ ಒಳ್ಳೆಯ ಮರಗಳಿಂದ ಕಸಿ ಮಾಡಿಸಿ, ಬೇರೆ ಬೇರೆ ತಿಂಗಳಲ್ಲಿ ಕಾಯಿ ಬಿಡುವ ನಾಲ್ಕಾರು ಗಿಡ ಈಗಲೇ ನೆಡಿ. ಮರ ಫಲ ಕೊಡಲು ವರ್ಷಗಳು ಬೇಕು.

ಗೆಡ್ಡೆಗಳಲ್ಲಿ ಸುವರ್ಣಗೆಡ್ಡೆ, ಗೆಣಸು, ಕೆಸು, ಮರಗೆಣಸು ನಾಲ್ಕನ್ನೂ ಇಟ್ಟುಕೊಳ್ಳಿ. ಇವುಗಳ ದೊಡ್ಡ ಗುಣ, ಮಣ್ಣಿನಲ್ಲೇ ತಿಂಗಳುಗಟ್ಟಲೆ ಉಳಿದು ಬೇಕಾದಾಗ ಅಗೆಯಬಹುದು. ಗೆಣಸು ಮೂರೂವರೆ ನಾಲ್ಕು ತಿಂಗಳಿಗೆ ಬರುತ್ತದೆ, ಅದರ ಕುಡಿಯೂ ಸೊಪ್ಪಾಗುತ್ತದೆ. ಮರಗೆಣಸಿನಲ್ಲಿ ಸೈನೈಡ್ ಕೊಡುವ ಅಂಶವಿದೆ. ಸಿಪ್ಪೆಯನ್ನು ದಪ್ಪಗೆ ತೆಗೆದು, ಸಣ್ಣಗೆ ಹೆಚ್ಚಿ, ಮುಚ್ಚಳವಿಲ್ಲದ ಪಾತ್ರೆಯಲ್ಲಿ ಹೆಚ್ಚು ನೀರು ಹಾಕಿ ಬೇಯಿಸಿ ನೀರು ಚೆಲ್ಲಬೇಕು. ಬಾಯಿಗೆ ಕಹಿಯಾಗುವ ಜಾತಿಯನ್ನು ತುರಿದು ಮೂರು ದಿನ ನೀರಿನಲ್ಲಿ ಹುಳಿ ಬರಿಸಿ, ಹಿಂಡಿ, ಒಣಗಿಸದೆ ಬಳಸಬೇಡಿ. ಕೆಸುವಿನ ತುರಿಕೆಗೆ ಹುಣಸೆ ಅಥವಾ ವಾಟೆಹುಳಿ ಹಾಕಿ ಚೆನ್ನಾಗಿ ಬೇಯಿಸುವುದು ನಮ್ಮ ಮನೆಗಳಿಗೆ ಗೊತ್ತಿರುವ ವಿಷಯವೇ. ಕಾಡುಗೆಣಸುಗಳಲ್ಲಿ ವಿಷದವೂ ಇವೆ. ಗುರುತು ಹಿಡಿದು ತಿಂದು ಬಲ್ಲ ಹಿರಿಯರು ಜೊತೆಗಿದ್ದರೆ ಮಾತ್ರ ಅಗೆಯಿರಿ, ಅವರಿರುವಾಗಲೇ ಕಲಿಯಿರಿ.

ಕಳಲೆಯನ್ನು ಸಣ್ಣಗೆ ಹೆಚ್ಚಿ, ದಿನಕ್ಕೊಮ್ಮೆ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸಿದ ಮೇಲೆಯೇ ಬೇಯಿಸಬೇಕು, ಅದರಲ್ಲೂ ಸೈನೈಡ್ ಅಂಶವಿದೆ. ಬಿದಿರು ಹೂಬಿಟ್ಟ ವರ್ಷ ಬಿದಿರಕ್ಕಿ ಸಿಗುತ್ತದೆ, ಜೊತೆಗೆ ಇಲಿಗಳ ದಂಡೂ ಬರುತ್ತದೆ. ಆ ವರ್ಷ ಕಣಜದ ಕಾವಲು ಬಿಗಿಯಾಗಿರಲಿ.

ತಾಳೆ ಜಾತಿಯ ಬೈನೆ ಮರದ ಕಾಂಡದೊಳಗಿನ ತಿರುಳಿನಲ್ಲಿ ಪಿಷ್ಟ ತುಂಬಿರುತ್ತದೆ. ಹಿಂದಿನ ಕ್ಷಾಮಗಳಲ್ಲಿ ಜನ ಬದುಕಿದ್ದು ಇಂಥ ಹಿಟ್ಟಿನಿಂದಲೇ. ಬಲಿತ ಮರವನ್ನು ಕಡಿದು ಸೀಳಿ, ತಿರುಳು ತೆಗೆದು ಕುಟ್ಟಿ, ನೀರಿನಲ್ಲಿ ಕಿವುಚಿ ಬಟ್ಟೆಯಲ್ಲಿ ಸೋಸಿ, ತಳಕ್ಕಿಳಿದ ಬಿಳಿ ಹಿಟ್ಟನ್ನು ನಾಲ್ಕಾರು ಸಲ ತೊಳೆದು ಒಣಗಿಸುವುದು ಕ್ರಮ. ಗಂಜಿ, ರೊಟ್ಟಿ ಎರಡಕ್ಕೂ ಆಗುತ್ತದೆ. ಇದು ಬರೀ ಪಿಷ್ಟ, ಜೊತೆಗೆ ಕಾಳು ಬೇಕೇ ಬೇಕು. ಮರ ಕಡಿಯಲು ಅರಣ್ಯ ಇಲಾಖೆಯ ನಿಯಮಗಳಿವೆ, ಒಂದು ಮರ ಬೆಳೆಯಲು ಹಲವು ವರ್ಷ ಹಿಡಿಯುತ್ತದೆ. ಹಾಗಾಗಿ ಇದನ್ನು ಕೊನೆಯ ಆಸರೆಯೆಂದೇ ಇಟ್ಟುಕೊಂಡು, ಸ್ವಂತ ಬೇಲಿಯಲ್ಲಿ ಬೀಜ ಹಾಕುತ್ತಿರಿ.

ಹೆಜ್ಜೆ 5: ಅಣಬೆ ಮತ್ತು ಎಲೆಯ ಪ್ರೋಟೀನು

ಅಣಬೆಗೆ ಬಿಸಿಲು ಬೇಡ, ಅದಕ್ಕೇ ಅದು ಈ ಪಟ್ಟಿಯಲ್ಲಿದೆ. ಆದರೆ ಹಸಿ ಅಣಬೆಯಲ್ಲಿ ಶೇ 90 ನೀರು, ನೂರು ಗ್ರಾಂಗೆ ಸುಮಾರು 30 ಕ್ಯಾಲೊರಿ ಮಾತ್ರ. ಹೊಟ್ಟೆ ತುಂಬಿಸಲು ಅಲ್ಲ, ಪ್ರೋಟೀನು, ಬಿ ಜೀವಸತ್ವ ಮತ್ತು ರುಚಿಗೆ ಎಂದು ತಿಳಿಯಿರಿ.

ಚಿಪ್ಪು ಅಣಬೆ ಸುಲಭ. ಭತ್ತದ ಹುಲ್ಲನ್ನು ಎರಡು ಅಂಗುಲಕ್ಕೆ ಕತ್ತರಿಸಿ ರಾತ್ರಿ ನೆನೆಸಿ, ಮುಕ್ಕಾಲು ಗಂಟೆ ಕುದಿಸಿ, ಹಿಂಡಿದರೆ ಹನಿ ಬೀಳದಷ್ಟು ಬಸಿಯಲು ಬಿಡಿ. ಸ್ವಲ್ಪ ಕಾಫಿ ಸಿಪ್ಪೆಯನ್ನೂ ಹೀಗೆಯೇ ಬೇಯಿಸಿ ಬೆರೆಸಬಹುದು. ಚೀಲದಲ್ಲಿ ಒಂದು ಪದರ ಹುಲ್ಲು, ಒಂದು ಪದರ ಅಣಬೆ ಬೀಜದಂತೆ ತುಂಬಿ, ಬಾಯಿ ಕಟ್ಟಿ, ಅಲ್ಲಲ್ಲಿ ತೂತು ಮಾಡಿ ಕತ್ತಲ ಕೋಣೆಯಲ್ಲಿಡಿ. ಎರಡು ಮೂರು ವಾರದಲ್ಲಿ ಹುಲ್ಲೆಲ್ಲ ಬೆಳ್ಳಗಾಗುತ್ತದೆ. ಆಗ ಚೀಲ ಸೀಳಿ, ಗಾಳಿ, ಮಂದ ಬೆಳಕು ಕೊಟ್ಟು, ದಿನಕ್ಕೆರಡು ಸಲ ನೀರು ಚಿಮುಕಿಸಿದರೆ ವಾರದೊಳಗೆ ಅಣಬೆ. ಒಂದು ಕಿಲೋ ಒಣ ಹುಲ್ಲಿಗೆ ಅರ್ಧದಿಂದ ಮುಕ್ಕಾಲು ಕಿಲೋ ಹಸಿ ಅಣಬೆ ಸಿಗುತ್ತದೆ. ಕೊಯ್ದದ್ದನ್ನು ಸ್ವಲ್ಪ ಹೊತ್ತು ಬಿಸಿಲಿಗಿಟ್ಟರೆ ಡಿ ಜೀವಸತ್ವ ಹೆಚ್ಚುತ್ತದೆ.

ಅಣಬೆ ಬೀಜ ಪ್ರಯೋಗಾಲಯದಿಂದ ಬರುವಂಥದ್ದು. ಸಿಗದ ಕಾಲದಲ್ಲಿ ಚೆನ್ನಾಗಿ ಬೆಳ್ಳಗಾದ ಚೀಲದ ಹುಲ್ಲನ್ನೇ ಹೊಸ ಚೀಲಕ್ಕೆ ಬೀಜವಾಗಿ ಹಾಕಬಹುದು. ಎರಡು ಮೂರು ಸಲದ ನಂತರ ಹಸಿರು ಬೂಷ್ಟು ಗೆಲ್ಲಲು ಶುರುಮಾಡುತ್ತದೆ. ಕಪ್ಪೋ ಹಸಿರೋ ಕಂಡ ಚೀಲವನ್ನು ತಕ್ಷಣ ಹೊರಗೆ ಹಾಕಿ. ಕಾಡಿನ ಅಣಬೆಯನ್ನು ಅಂದಾಜಿನ ಮೇಲೆ ಎಂದೂ ತಿನ್ನಬೇಡಿ.

ಎಲೆಯ ಪ್ರೋಟೀನಿನ ಕೆಲಸವನ್ನು ಬ್ರಿಟಿಷ್ ಜೀವರಸಾಯನ ವಿಜ್ಞಾನಿ ಪಿರಿ ದಶಕಗಳ ಕಾಲ ನಡೆಸಿದರು, ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಲ್ಲೂ (ಸಿಎಫ್‌ಟಿಆರ್‌ಐ) ಇದರ ಸಂಶೋಧನೆ ಆಗಿದೆ. ಕುದುರೆ ಮಸಾಲೆ ಸೊಪ್ಪು ಅಥವಾ ಅಲಸಂದೆಯ ಎಳೆ ಎಲೆಯನ್ನು ಕೊಯ್ದ ಕೂಡಲೇ ತೊಳೆದು, ಒರಳಲ್ಲೋ ಗ್ರೈಂಡರಿನಲ್ಲೋ ರುಬ್ಬಿ, ಬಟ್ಟೆಯಲ್ಲಿ ಹಿಂಡಿ. ರಸವನ್ನು ಜೋರು ಉರಿಯಲ್ಲಿ ಕುದಿಯ ಮಟ್ಟಕ್ಕೆ ತಂದರೆ ಹಾಲೊಡೆದಂತೆ ಹಸಿರು ಗಟ್ಟಿ ಮೇಲೆ ಬರುತ್ತದೆ. ಅದನ್ನು ಸೋಸಿ, ನೀರಲ್ಲಿ ತೊಳೆದು, ಭಾರ ಹೇರಿ ಹಿಂಡಿ, ಒಣಗಿಸಿ ಪುಡಿ ಮಾಡಿ. ದಿನಕ್ಕೆ ಒಬ್ಬರಿಗೆ ಒಂದೆರಡು ಚಮಚ ಮುದ್ದೆಯಲ್ಲೋ ರೊಟ್ಟಿಯಲ್ಲೋ ಬೆರೆಸಿದರೆ ಸಾಕು, ಪ್ರೋಟೀನಿನ ಜೊತೆ ಕಬ್ಬಿಣ ಮತ್ತು ಎ ಜೀವಸತ್ವವೂ ಸಿಗುತ್ತದೆ. ಹಿಂಡಿದ ನಾರು ಹಸುವಿಗೆ, ಉಳಿದ ಕಂದು ನೀರು ಗಿಡದ ಬುಡಕ್ಕೆ. ಇಳುವರಿ ಕಡಿಮೆ, ನೂರು ಕಿಲೋ ಸೊಪ್ಪಿಗೆ ಒಣ ಪುಡಿ ಕೆಲವೇ ಕಿಲೋ. ಮನುಷ್ಯರು ತಿನ್ನುವ ಸೊಪ್ಪು, ಮೇವಿನ ಸೊಪ್ಪು ಬಿಟ್ಟು ಬೇರೆ ಎಲೆ ಬೇಡ. ಲಂಟಾನ, ಪಾರ್ಥೇನಿಯಂ, ಗ್ಲಿರಿಸಿಡಿಯ ಎಷ್ಟು ಹೇರಳವಾಗಿದ್ದರೂ ಅವು ವಿಷ.

ಹೆಜ್ಜೆ 6: ಒಂದೇ ಊಟದಿಂದ ಬರುವ ಕಾಯಿಲೆಗಳು

ಹೊಟ್ಟೆ ತುಂಬಿದರೂ ಜನ ಕಾಯಿಲೆ ಬೀಳುವುದು ತಿಂಗಳುಗಟ್ಟಲೆ ಒಂದನ್ನೇ ತಿಂದಾಗ. ಬರೀ ಮೆಕ್ಕೆಜೋಳ ತಿಂದವರಿಗೆ ಪೆಲಾಗ್ರ ಬರುತ್ತದೆ: ಚರ್ಮ ಸುಟ್ಟಂತಾಗಿ, ಭೇದಿಯಾಗಿ, ಬುದ್ಧಿ ಮಂಕಾಗುತ್ತದೆ. ಮೆಕ್ಸಿಕೋದ ಜನ ಇದಕ್ಕೆ ಸಾವಿರಾರು ವರ್ಷಗಳಿಂದ ಸುಣ್ಣ ಬಳಸುತ್ತಾರೆ. ಒಂದು ಕಿಲೋ ಜೋಳಕ್ಕೆ ಮೂರು ಲೀಟರ್ ನೀರು, ಎಲೆಅಡಿಕೆಗೆ ಬಳಸುವ ಶುದ್ಧ ಸುಣ್ಣ ಸುಮಾರು 10 ಗ್ರಾಂ ಹಾಕಿ ಮುಕ್ಕಾಲು ಗಂಟೆ ಬೇಯಿಸಿ, ರಾತ್ರಿ ಹಾಗೇ ಬಿಟ್ಟು, ಬೆಳಿಗ್ಗೆ ಸಿಪ್ಪೆ ಹೋಗುವಂತೆ ತಿಕ್ಕಿ ತೊಳೆದು ರುಬ್ಬಿ.

ಸಿ ಜೀವಸತ್ವಕ್ಕೆ ಮೊಳಕೆ ಕಟ್ಟಿದ ಹುರಳಿ, ಉಪ್ಪಿನಲ್ಲಿ ಹಾಕಿದ ಬೆಟ್ಟದ ನೆಲ್ಲಿ. ಅಗ್ಗಕ್ಕೆ ಸಿಕ್ಕಿತೆಂದು ಕೇಸರಿ ಬೇಳೆಯನ್ನು ದಿನನಿತ್ಯ ತಿನ್ನಬೇಡಿ, ಕಾಲಿನ ಸ್ವಾಧೀನ ಶಾಶ್ವತವಾಗಿ ಹೋಗುತ್ತದೆ. ಸೌದೆ ಕಡಿಮೆಯಿರುವ ದಿನಗಳಿಗೆ ರಾಗಿ ಅರಳು ಹುರಿದು ಬೀಸಿದ ಹುರಿಹಿಟ್ಟು ಒಳ್ಳೆಯದು, ಬೆಲ್ಲದ ನೀರಲ್ಲೋ ಮಜ್ಜಿಗೆಯಲ್ಲೋ ಕಲಸಿದರೆ ಊಟ ಮುಗಿಯಿತು.

ಹಸು ಇಟ್ಟುಕೊಂಡವರು ಬರ ಬಂತೆಂದು ಮಾರಲು ಆತುರಪಡಬೇಡಿ. ನಾವು ತಿನ್ನಲಾಗದ ಹುಲ್ಲನ್ನು ಅದು ಹಾಲು ಮಾಡಿಕೊಡುತ್ತದೆ, ಯೂರಿಯಾ ಬಾರದ ವರ್ಷ ಹೊಲಕ್ಕೆ ಅದರ ಗೊಬ್ಬರವೇ ಗತಿ. ಕಾಳು ತಿಂದು ಬೆಳೆಯುವ ಕೋಳಿಗಳನ್ನು ಮಾತ್ರ ಕಡಿಮೆ ಮಾಡಿ. 2021ರಲ್ಲಿ ಶ್ರೀಲಂಕಾ ರಾಸಾಯನಿಕ ಗೊಬ್ಬರದ ಆಮದನ್ನು ಏಕಾಏಕಿ ನಿಲ್ಲಿಸಿ ಭತ್ತದ ಇಳುವರಿ ಕುಸಿದದ್ದು ನೆನಪಿರಲಿ. ಗೊಬ್ಬರದ ಗುಂಡಿ ಕೂಡ ದಾಸ್ತಾನಿನ ಭಾಗ.

ಹೆಜ್ಜೆ 7: ಊರಿನ ಒಪ್ಪಂದ

ತುಂಬಿದ ಒಂದೇ ಮನೆ ಹಸಿದ ಊರಿನ ನಡುವೆ ಬಹಳ ದಿನ ನೆಮ್ಮದಿಯಾಗಿರಲಾರದು, ಇರಲೂಬಾರದು. ಸಹಕಾರ ಸಂಘವೋ ಸ್ತ್ರೀಶಕ್ತಿ ಸಂಘವೋ ಸೇರಿ ಧಾನ್ಯದ ಬ್ಯಾಂಕ್ ಮಾಡಬಹುದು. ಸುಗ್ಗಿಯಲ್ಲಿ ಪ್ರತಿ ಮನೆ ಒಂದಿಷ್ಟು ಸೇರು ರಾಗಿ ಹಾಕಬೇಕು, ಕಷ್ಟದ ತಿಂಗಳಲ್ಲಿ ಬೇಕಾದವರು ಪಡೆದು ಮುಂದಿನ ಸುಗ್ಗಿಗೆ ಸ್ವಲ್ಪ ಸೇರಿಸಿ ಮರಳಿಸಬೇಕು. ಜಮೀನಿಲ್ಲದವರು, ತೋಟದ ಲೈನ್ ಮನೆಗಳಲ್ಲಿರುವ ಕಾರ್ಮಿಕರು ದುಡಿಮೆಯ ಪಾಲಾಗಿ ಸದಸ್ಯರಾಗುವಂತಿರಲಿ. ಅವರನ್ನು ಬಿಟ್ಟ ಯೋಜನೆಗೆ ನಾಟಿ ಮಾಡುವ ಕೈಗಳೇ ಇರುವುದಿಲ್ಲ.

ಇದಕ್ಕಿಂತ ದೊಡ್ಡ ಒಪ್ಪಂದ ಎರಡು ಸೀಮೆಗಳದ್ದು. ಅರಸೀಕೆರೆ, ಕಡೂರು, ಅಜ್ಜಂಪುರದಲ್ಲಿ ರಾಗಿ, ಕಾಳು, ಕೊಬ್ಬರಿ ಇದೆ, ನೀರು ಕಡಿಮೆ. ಮೂಡಿಗೆರೆ, ಶೃಂಗೇರಿ, ಸಕಲೇಶಪುರದಲ್ಲಿ ನೀರು, ಮೇವು, ಸೌದೆ, ಹಲಸು, ಗೆಡ್ಡೆ ಇದೆ, ಧಾನ್ಯ ಕಡಿಮೆ. ನೂರು ಕಿಲೋಮೀಟರ್ ಆಸುಪಾಸಿನೊಳಗೆ ಪೂರ್ತಿ ಊಟ ಇದೆ. ಮಲೆನಾಡಿನ ಒಂದು ಊರು ಬಯಲಿನ ಒಂದು ಊರಿನ ಜೊತೆ ಈಗಿಂದಲೇ ಪ್ರತಿ ಸುಗ್ಗಿಗೆ ರಾಗಿ ಕೊಳ್ಳುವ, ಒಣ ಹಲಸು ಮತ್ತು ಮೆಣಸು ಕೊಡುವ ರೂಢಿ ಇಟ್ಟುಕೊಂಡರೆ, ಹಣಕ್ಕೆ ಬೆಲೆಯಿಲ್ಲದ ವರ್ಷದಲ್ಲೂ ಆ ಪರಿಚಯ ಕೆಲಸ ಮಾಡುತ್ತದೆ. ಅಯ್ಯನಕೆರೆ, ಮದಗದ ಕೆರೆಯಂಥ ದೊಡ್ಡ ಕೆರೆಗಳ ಜೊತೆ ಊರ ಸಣ್ಣ ಕೆರೆಯ ಹೂಳೂ ಬೇಸಿಗೆಯಲ್ಲಿ ತೆಗೆದಿರಬೇಕು. ಮುಂಗಾರು ಸೊರಗಿದ ವರ್ಷ ಹುರಳಿಗೂ ಒಂದು ನೀರು ಬೇಕಾಗುತ್ತದೆ.

ಕಲಿಯಲು ಹಾಸನದ ಕಂದಲಿ ಮತ್ತು ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರಗಳಿವೆ. ಬೀಜ, ಅಣಬೆ, ಸಂಗ್ರಹಣೆ ಯಾವುದನ್ನು ಕೇಳಿದರೂ ಮಾರ್ಗದರ್ಶನ ಸಿಗುತ್ತದೆ.

ಹೆಜ್ಜೆ 8: ವರ್ಷಕ್ಕೊಂದು ವಾರದ ತಾಲೀಮು

ಆಷಾಢದಲ್ಲಿ, ಮಳೆ ಹಿಡಿದು ಕರೆಂಟು ಹೋಗುವ ದಿನಗಳನ್ನೇ ಆರಿಸಿಕೊಳ್ಳಿ. ಏಳು ದಿನ ಅಂಗಡಿ, ಗ್ಯಾಸು, ಫ್ರಿಜ್ಜು, ಮಿಕ್ಸಿ ಇಲ್ಲದೆ ಕೂಡಿಟ್ಟದ್ದರಲ್ಲಿ, ಹಿತ್ತಿಲಲ್ಲಿ ಬೆಳೆದದ್ದರಲ್ಲಿ ಅಡುಗೆ ಮಾಡಿ. ಮಕ್ಕಳು ಯಾವುದನ್ನು ಉಣ್ಣುತ್ತಾರೆ, ವಯಸ್ಸಾದವರಿಗೆ ಯಾವುದು ಜೀರ್ಣವಾಗುತ್ತದೆ, ಬೀಸುವುದಕ್ಕೆ ದಿನಕ್ಕೆಷ್ಟು ಹೊತ್ತು ಹೋಗುತ್ತದೆ, ಒಲೆಗೆ ಎಷ್ಟು ಸೌದೆ ಬೇಕು ಎಲ್ಲವನ್ನೂ ಬರೆದಿಡಿ. ಸಕ್ಕರೆ ಕಾಯಿಲೆ, ರಕ್ತದೊತ್ತಡದ ಮಾತ್ರೆ ತಿನ್ನುವವರು ಊಟ ಬದಲಿಸುವ ಮುನ್ನ ವೈದ್ಯರನ್ನು ಕೇಳಿ. ಎರಡು ಮೂರು ತಿಂಗಳ ಮಾತ್ರೆಯೂ ದಾಸ್ತಾನಿನ ಪಟ್ಟಿಯಲ್ಲಿರಲಿ. ವಾರ ಮುಗಿದ ಮೇಲೆ ಡ್ರಮ್ಮುಗಳ ಬಾಯಿ ತೆರೆದು ಮೂಸಿ ನೋಡಿ. ಮುಗ್ಗಲು ವಾಸನೆ ಬಂದದ್ದನ್ನು ಬಿಸಿಲು ಕಂಡ ಮೊದಲ ದಿನವೇ ಹರವಿ, ಬೂಷ್ಟು ಹಿಡಿದದ್ದನ್ನು ಗೊಬ್ಬರದ ಗುಂಡಿಗೆ ಹಾಕಿ, ಖಾಲಿಯಾದ ಡ್ರಮ್ಮನ್ನು ತೊಳೆದು ಒಣಗಿಸಿ ರಾಗಿ ಒಕ್ಕಣೆಯ ಹೊತ್ತಿಗೆ ಸಿದ್ಧವಾಗಿಡಿ.